ಸರ್ವರ್ ಸ್ಲೋ ಅಂದರೆ ಮೊದಲು ಕೇಳಬೇಕಾದ್ದು: ಎಷ್ಟು ಸೆಕೆಂಡು?

"ಸರ್ವರ್ ತುಂಬಾ ಸ್ಲೋ ಇದೆ, ಸ್ವಲ್ಪ ನೋಡಿ" ಅನ್ನುವ ಮೆಸೇಜ್ ಬಂದ ಕೂಡಲೇ ಬಹಳ ಜನ ಸಿಪಿಯು, ಮೆಮೊರಿ ಬಳಕೆ ತೋರಿಸುವ ಟಾಪ್ ಕಮ್ಯಾಂಡ್ ಹಾಕಿ ಕೂರುತ್ತಾರೆ. ಸಿಪಿಯು ಖಾಲಿ ಇರುತ್ತದೆ, ಮೆಮೊರಿಯೂ ಬೇಕಾದಷ್ಟು ಉಳಿದಿರುತ್ತದೆ. ಆಮೇಲೆ ಸರ್ವೀಸ್ ರೀಸ್ಟಾರ್ಟ್. ಅದಕ್ಕೂ ಬಗ್ಗದಿದ್ದರೆ ಮೆಷಿನ್ನೇ ರೀಬೂಟ್. ಸಮಸ್ಯೆ ಹೋಗುತ್ತದೆ, ಯಾಕೆ ಬಂದಿತ್ತು ಅಂತ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ಸ್ವಲ್ಪ ದಿನ ಬಿಟ್ಟು ಅದೇ ಮೆಸೇಜ್ ಮತ್ತೆ ಬರುತ್ತದೆ. ನನ್ನ ಜೊತೆ ಕೆಲಸಕ್ಕೆ ಸೇರುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಟಾಪ್ ಆಮೇಲೆ ನೋಡೋಣ, ಮೊದಲು ಎಷ್ಟು ಸೆಕೆಂಡು ತಡ ಆಗುತ್ತಿದೆ ಅಂತ ಅಳೆದು ಹೇಳಿ.

ಇದಕ್ಕೊಂದು ಕಾರಣ ಇದೆ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು), ಅದರ ಮೇಲಿನ ಜಿಲಿಬ್‌ಸಿ (ಪ್ರೋಗ್ರಾಮ್‌ಗಳು ಬಳಸುವ ಮೂಲ ಲೈಬ್ರರಿ), ಅದರ ಮೇಲಿನ ವೆಬ್ ಸರ್ವರ್, ಇವೆಲ್ಲ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಯಾರೋ ಮೊದಲೇ ಬರೆದಿಟ್ಟಿದ್ದಾರೆ. ಒಂದೊಂದಕ್ಕೆ ಒಂದೊಂದು ಅವಧಿ. ಒಂದು ಪ್ಯಾಕೆಟ್ ಎಲ್ಲೋ ಕಳೆದುಹೋದಾಗ ಯೂಸರ್‌ಗೆ ಕಾಣುವ ತಡ ನಿಜವಾಗಿ ಈ ಟೈಮರ್‌ಗಳದ್ದೇ. ಹಾಗಾಗಿ 5 ಸೆಕೆಂಡಿನ ತಡಕ್ಕೂ 3 ಸೆಕೆಂಡಿನ ತಡಕ್ಕೂ ಕಾರಣ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ. ಅಂಕಿ ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಅಳೆಯುವುದಕ್ಕೆ ನಾನು ಮೊದಲು ಹಿಡಿಯುವುದು ಕರ್ಲ್, ಅಂದರೆ ಟರ್ಮಿನಲ್‌ನಿಂದ ವೆಬ್ ರಿಕ್ವೆಸ್ಟ್ ಕಳಿಸುವ ಟೂಲ್. ಅದರ ಡಬ್ಲ್ಯೂ ಆಪ್ಶನ್ನಿಗೆ ಒಂದು ಫಾರ್ಮ್ಯಾಟ್ ಕೊಟ್ಟರೆ ರಿಕ್ವೆಸ್ಟಿನ ಒಳಗಿನ ಹಂತಗಳ ಸಮಯ ಬಿಡಿಬಿಡಿಯಾಗಿ ಪ್ರಿಂಟ್ ಆಗುತ್ತದೆ. ನೇಮ್‌ಲುಕಪ್, ಕನೆಕ್ಟ್, ಆ್ಯಪ್‌ಕನೆಕ್ಟ್, ಸ್ಟಾರ್ಟ್‌ಟ್ರಾನ್ಸ್‌ಫರ್, ಟೋಟಲ್. ಹೆಸರು ಹುಡುಕುವುದಕ್ಕೆ ಹಿಡಿದ ಸಮಯ, ಟಿಸಿಪಿ ಕನೆಕ್ಷನ್ ಆದ ಸಮಯ, ಟಿಎಲ್‌ಎಸ್ (ಕನೆಕ್ಷನ್ನನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುವ ಹಂತ) ಮುಗಿದ ಸಮಯ, ಮೊದಲ ಬೈಟ್ ಬಂದ ಸಮಯ, ಎಲ್ಲ ಮುಗಿದ ಸಮಯ. ಒಂದು ವಿಷಯ ನೆನಪಿಡಿ, ಇವೆಲ್ಲ ಶುರುವಿನಿಂದ ಲೆಕ್ಕ ಹಾಕಿದ ಅಂಕಿಗಳು. ಟಿಎಲ್‌ಎಸ್‌ಗೆ ಎಷ್ಟು ಹಿಡಿಯಿತು ಅಂತ ಬೇಕಾದರೆ ಅದರಲ್ಲಿ ಕನೆಕ್ಟ್ ಸಮಯವನ್ನು ಕಳೆಯಬೇಕು. ಒಂದು ಸಲ ಓಡಿಸಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ಶೆಲ್‌ನಲ್ಲಿ ಒಂದು ಫಾರ್ ಲೂಪ್ ಹಾಕಿ ನೂರಿನ್ನೂರು ಸಲ ಓಡಿಸಿ, ಫೈಲಿಗೆ ಬರೆಸಿ, ಆಮೇಲೆ ಸಾರ್ಟ್ ಮಾಡಿ ಅತಿ ಕೆಟ್ಟ ಹತ್ತು ಸಾಲು ನೋಡಿ.

ಸರಾಸರಿ ನೋಡಬೇಡಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ನೂರು ರಿಕ್ವೆಸ್ಟಿನಲ್ಲಿ 97 ರಿಕ್ವೆಸ್ಟ್ 10 ಮಿಲಿಸೆಕೆಂಡಿನಲ್ಲಿ ಮುಗಿದು ಮೂರಕ್ಕೆ ಮಾತ್ರ 5 ಸೆಕೆಂಡು ಹಿಡಿದರೆ, ಸರಾಸರಿ ಸುಮಾರು 160 ಮಿಲಿಸೆಕೆಂಡು ಅಂತ ತೋರಿಸುತ್ತದೆ. ಗ್ರಾಫಿನಲ್ಲಿ ಅದನ್ನು ನೋಡಿದವರು "ಪರವಾಗಿಲ್ಲ, ಸ್ವಲ್ಪ ಜಾಸ್ತಿ ಆಗಿದೆ ಅಷ್ಟೇ" ಅನ್ನುತ್ತಾರೆ. ಅಲ್ಲಿ 160 ಮಿಲಿಸೆಕೆಂಡು ಹಿಡಿದ ರಿಕ್ವೆಸ್ಟ್ ಒಂದೂ ಇರಲಿಲ್ಲ! ಎಂಜಿನ್‌ಎಕ್ಸ್ ವೆಬ್ ಸರ್ವರ್ ಇಟ್ಟುಕೊಂಡವರು ಲಾಗ್ ಫಾರ್ಮ್ಯಾಟಿಗೆ ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್ (ಹಿಂದಿರುವ ಆ್ಯಪ್‌ನ) ರೆಸ್ಪಾನ್ಸ್ ಟೈಮ್ ಎರಡನ್ನೂ ಇವತ್ತೇ ಸೇರಿಸಿಕೊಳ್ಳಿ. ಜೊತೆಗೆ ಬರುವ ಕಂಬೈನ್ಡ್ ಫಾರ್ಮ್ಯಾಟಿನಲ್ಲಿ ಅವು ಇರುವುದಿಲ್ಲ. ಆಮೇಲೆ ಆ ಕಾಲಮ್ಮನ್ನು ಆಕ್ ಕಮ್ಯಾಂಡಿನಿಂದ ಎತ್ತಿ, ದಶಾಂಶ ಕತ್ತರಿಸಿ, ಸಾರ್ಟ್ ಮತ್ತು ಯೂನಿಕ್‌ಗೆ ಪೈಪ್ ಮಾಡಿದರೆ ಯಾವ ಸೆಕೆಂಡಿನಲ್ಲಿ ಎಷ್ಟು ರಿಕ್ವೆಸ್ಟ್ ಅಂತ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ 0 ಆದಮೇಲೆ 1, 2 ಖಾಲಿಯಿದ್ದು 5ರ ಮುಂದೆ ಒಂದು ಗುಂಪು ಕಂಡರೆ, ಅದು ಲೋಡ್ ಜಾಸ್ತಿಯಾಗಿ ಆದ ತಡ ಆಗಿರುವುದು ಬಹಳ ಕಡಿಮೆ. ಹೆಚ್ಚಾಗಿ ಅದು ಟೈಮರ್.

ಹುಡುಕುವ ಮೊದಲು ದೂರದ ಲೆಕ್ಕ ಹಾಕಿಬಿಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹಾಗಾಗಿ 100 ಕಿಲೋಮೀಟರಿಗೆ ಹೋಗಿ ಬರಲು 1 ಮಿಲಿಸೆಕೆಂಡು. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿಗೆ ಪಿಂಗ್ ಮಾಡಿದರೆ 200 ಮಿಲಿಸೆಕೆಂಡು ದಾಟುವುದು ಮಾಮೂಲಿ. ಟಿಸಿಪಿಗೆ ಒಂದು ಸುತ್ತು, ಟಿಎಲ್‌ಎಸ್ 1.3ಕ್ಕೆ ಒಂದು ಸುತ್ತು, ಹಳೆಯ 1.2 ಆದರೆ ಎರಡು, ಆಮೇಲೆ ರಿಕ್ವೆಸ್ಟಿಗೆ ಇನ್ನೊಂದು. ಮೊದಲ ಬೈಟ್ ಬರುವ ಹೊತ್ತಿಗೆ 600 ಮಿಲಿಸೆಕೆಂಡು ಕಳೆದಿರುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಇಂಥ ತಡಕ್ಕೆ ಸರ್ವರ್‌ನಲ್ಲಿ ಏನು ಟ್ಯೂನ್ ಮಾಡಿದರೂ ಉಪಯೋಗವಿಲ್ಲ. ಕನೆಕ್ಷನ್ ತೆರೆದೇ ಇಟ್ಟು ಮತ್ತೆ ಮತ್ತೆ ಬಳಸುವುದು, ಇಲ್ಲವೇ ಸರ್ವರ್ ಹತ್ತಿರ ತರುವುದು, ಅಷ್ಟೇ ದಾರಿ.

ಈಗ 5 ಸೆಕೆಂಡಿಗೆ ಬರೋಣ. ನಾನು ನೋಡಿದ "ಸ್ಲೋ" ದೂರುಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು ಬೇರೆ ಇಲ್ಲ. 5 ಅಂದರೆ ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಅಂತಲೇ ಶುರು ಮಾಡಿ. ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ನೀವೇನೂ ಬರೆಯದಿದ್ದರೆ ಜಿಲಿಬ್‌ಸಿ ಒಂದು ನೇಮ್‌ಸರ್ವರ್ ಉತ್ತರಕ್ಕೆ 5 ಸೆಕೆಂಡು ಕಾಯುತ್ತದೆ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ, ಪೂರ್ತಿ ಪಟ್ಟಿಯನ್ನು ಎರಡು ಸಲ ಸುತ್ತುತ್ತದೆ. ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಸರ್ವರ್ ಬರೆದರೂ ಮೊದಲ ಮೂರನ್ನೇ ಓದುತ್ತದೆ. ಈಗ ಮೊದಲ ನೇಮ್‌ಸರ್ವರ್ ಸತ್ತಿದೆ ಅಂದುಕೊಳ್ಳಿ. ಎರಡನೆಯದು ಸರಿಯಾಗಿದೆ, ಹಾಗಾಗಿ ಎಲ್ಲವೂ ಕೆಲಸ ಮಾಡುತ್ತದೆ, ಏನೂ ಫೇಲ್ ಆಗುವುದಿಲ್ಲ, ಮಾನಿಟರಿಂಗ್‌ನಲ್ಲಿ ಎಲ್ಲ ಹಸಿರು. ಆದರೆ ಹೊಸ ಹೆಸರು ಹುಡುಕಿದಾಗಲೆಲ್ಲ 5 ಸೆಕೆಂಡು ಹೋಗುತ್ತದೆ. ಆ್ಯಪ್ ಟೀಮ್‌ನವರು ಡೇಟಾಬೇಸ್ ಮೇಲೆ ಹೇಳುತ್ತಾರೆ, ಡೇಟಾಬೇಸ್‌ನವರು ನೆಟ್‌ವರ್ಕ್ ಮೇಲೆ ಹೇಳುತ್ತಾರೆ.

ಇಲ್ಲಿ ಡಿಗ್ ಕಮ್ಯಾಂಡ್ ದಾರಿ ತಪ್ಪಿಸುವುದುಂಟು. ಡಿಗ್ ಒಳ್ಳೆಯ ಟೂಲ್, ಆದರೆ ಅದು ಸಿಸ್ಟಮ್ಮಿನ ಹೋಸ್ಟ್ಸ್ ಫೈಲ್ ಆಗಲಿ, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಎನ್‌ಎಸ್‌ಸ್ವಿಚ್ ಫೈಲ್ ಆಗಲಿ ನೋಡುವುದಿಲ್ಲ, ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಆ್ಯಪ್ಲಿಕೇಶನ್ ಹಾಗೆ ಕೇಳುವುದಿಲ್ಲ. ಆ್ಯಪ್ ನಡೆಯುವ ದಾರಿಯಲ್ಲೇ ನಡೆದು ನೋಡಬೇಕಾದರೆ ಗೆಟ್‌ಎಂಟ್ ಕಮ್ಯಾಂಡಿಗೆ ಅಹೋಸ್ಟ್ಸ್ ಅಂತ ಕೊಟ್ಟು, ಮುಂದೆ ಟೈಮ್ ಸೇರಿಸಿ ಓಡಿಸಿ. ಅದು 5 ಸೆಕೆಂಡು ಹಿಡಿದು, ಡಿಗ್‌ನಲ್ಲಿ ಎರಡನೇ ಸರ್ವರ್‌ಗೆ ಕೇಳಿದರೆ ಕ್ಷಣದಲ್ಲಿ ಉತ್ತರ ಬಂದರೆ, ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಪಟ್ಟಿಯ ಒಂದೊಂದು ಸರ್ವರ್ ಹೆಸರನ್ನೂ ಆ್ಯಟ್ ಚಿಹ್ನೆ ಹಾಕಿ ಡಿಗ್‌ಗೆ ಕೊಟ್ಟು ಬೇರೆ ಬೇರೆ ಕೇಳಿ ನೋಡಿ.

ಎಲ್ಲ ನೇಮ್‌ಸರ್ವರ್ ಸರಿಯಾಗಿದ್ದೂ ಆಗಾಗ ಮಾತ್ರ 5 ಸೆಕೆಂಡು ಬಂದರೆ ಇನ್ನೊಂದು ಕಾರಣ ಇದೆ. ಜಿಲಿಬ್‌ಸಿ ಐಪಿವಿ4 ಮತ್ತು ಐಪಿವಿ6 ವಿಳಾಸಗಳಿಗೆ ಎರಡು ಪ್ರಶ್ನೆಗಳನ್ನು ಒಂದೇ ಸಾಕೆಟ್ಟಿನಿಂದ, ಒಂದರ ಬೆನ್ನಿಗೇ ಇನ್ನೊಂದನ್ನು ಕಳಿಸುತ್ತದೆ. ನಡುವಿನ ಕನೆಕ್ಷನ್ ಟ್ರ್ಯಾಕಿಂಗ್‌ನಲ್ಲಿ (ಹೋಗಿಬರುವ ಕನೆಕ್ಷನ್‌ಗಳ ಲೆಕ್ಕಕ್ಕೆ ಕರ್ನಲ್ ಇಡುವ ಪಟ್ಟಿ) ಎರಡೂ ಒಟ್ಟಿಗೆ ಬಂದು ಒಂದು ಪ್ಯಾಕೆಟ್ ಬಿದ್ದುಹೋಗುವುದು ಉಂಟು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಕ್ಲಸ್ಟರ್‌ಗಳಲ್ಲಿ ಈ ಕಾಟ ಬಹಳ ಜನರಿಗೆ ಆಗಿದೆ. ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿ ಸಿಂಗಲ್ ರಿಕ್ವೆಸ್ಟ್ ರೀಓಪನ್ ಅನ್ನುವ ಆಪ್ಶನ್ ಹಾಕಿದರೆ ಎರಡನೇ ಪ್ರಶ್ನೆ ಬೇರೆ ಸಾಕೆಟ್ಟಿನಿಂದ ಹೋಗುತ್ತದೆ. ಮೆಷಿನ್ನಿನಲ್ಲೇ ಒಂದು ಸಣ್ಣ ಡಿಎನ್‌ಎಸ್ ಕ್ಯಾಶ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಟೈಮ್‌ಔಟನ್ನು 1 ಸೆಕೆಂಡಿಗೆ ಇಳಿಸಿದರೂ ತಕ್ಷಣಕ್ಕೆ ಜನ ಉಸಿರಾಡುತ್ತಾರೆ, ಆದರೆ ಸತ್ತ ಸರ್ವರನ್ನು ಪಟ್ಟಿಯಿಂದ ತೆಗೆಯದೆ ಅಷ್ಟಕ್ಕೇ ಬಿಡಬೇಡಿ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಎರಡು ದಾರಿ. ಒಂದು ಎಸ್‌ಟ್ರೇಸ್, ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು (ಸಿಸ್ಟಮ್ ಕಾಲ್) ತೋರಿಸುವ ಟೂಲ್. ನಡೆಯುತ್ತಿರುವ ಪ್ರಾಸೆಸ್ಸಿಗೆ ಅಂಟಿಸಿ, ದೊಡ್ಡ ಟಿ ಆಪ್ಶನ್ ಕೊಟ್ಟರೆ ಪ್ರತಿ ಸಿಸ್ಟಮ್ ಕಾಲ್ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಸಾಲಿನ ಕೊನೆಯಲ್ಲಿ ಬರುತ್ತದೆ. 53ನೇ ಪೋರ್ಟಿಗೆ ಕಳಿಸಿದ ಸಾಲು, ಅದರ ಕೆಳಗೆ ಪೋಲ್ ಅನ್ನುವ ಕಾಲ್ ಸರಿಯಾಗಿ 5 ಸೆಕೆಂಡು ಕೂತದ್ದು ಕಂಡರೆ ಯಾರ ಜೊತೆಗೂ ವಾದ ಮಾಡುವ ಅಗತ್ಯ ಇರುವುದಿಲ್ಲ. ಆದರೆ ಎಸ್‌ಟ್ರೇಸ್ ಪ್ರಾಸೆಸ್ಸನ್ನು ಜಾಸ್ತಿಯೇ ನಿಧಾನ ಮಾಡುತ್ತದೆ, ಪ್ರೊಡಕ್ಷನ್‌ನಲ್ಲಿ ಕೆಲವು ಸೆಕೆಂಡು ಮಾತ್ರ ಇಡಿ. ಇನ್ನೊಂದು ದಾರಿ ಟಿಸಿಪಿಡಂಪ್, ಹೋಗಿಬರುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟೂಲ್.

ಟಿಸಿಪಿಡಂಪ್ ಬಗ್ಗೆ ನನಗೆ ವಿಶೇಷ ಪ್ರೀತಿ. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬೊರೇಟರಿಯಲ್ಲಿ ವ್ಯಾನ್ ಜೇಕಬ್ಸನ್ ಮತ್ತು ಅವರ ಜೊತೆಗಾರರು ಸೇರಿ ಬರೆದದ್ದು. ಅದೇ ವ್ಯಾನ್ ಜೇಕಬ್ಸನ್ ಇಂಟರ್ನೆಟ್ಟಿನ ಕಂಜೆಶನ್ ಕಂಟ್ರೋಲ್ (ದಟ್ಟಣೆ ನಿಯಂತ್ರಣ) ಬರೆದವರು, ಟ್ರೇಸ್‌ರೂಟ್ ಬರೆದವರು. ನೆಟ್‌ವರ್ಕ್ ಯಾಕೆ ನಿಲ್ಲುತ್ತಿದೆ ಅಂತ ನಿಜವಾಗಿ ತಿಳಿದುಕೊಳ್ಳಬೇಕಾದವರು ಬರೆದ ಟೂಲ್ ಅದು, ಹಾಗಾಗಿಯೇ ಇವತ್ತಿಗೂ ಕೈಕೊಡುವುದಿಲ್ಲ. ಬಳಸುವಾಗ ಸಣ್ಣ ಎನ್ ಆಪ್ಶನ್ ಯಾವಾಗಲೂ ಇರಲಿ. ಇಲ್ಲದಿದ್ದರೆ ಟಿಸಿಪಿಡಂಪ್ ತಾನೇ ಪ್ರತಿ ಐಪಿಗೂ ಹೆಸರು ಹುಡುಕಲು ಹೊರಡುತ್ತದೆ, ಡಿಎನ್‌ಎಸ್ ಕೆಟ್ಟಿರುವಾಗ ಅದೂ ಕಾಯುತ್ತಾ ಕೂರುತ್ತದೆ. ಟಿ ಮೂರು ಸಲ ಕೊಟ್ಟರೆ ಹಿಂದಿನ ಪ್ಯಾಕೆಟ್ಟಿಗೂ ಇದಕ್ಕೂ ನಡುವಿನ ಸಮಯ ಬರುತ್ತದೆ, ಅಲ್ಲಿ 5 ಅಂತ ಕಾಣುವುದು ಬಹಳ ಸುಲಭ. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಸಮಸ್ಯೆಗೆ ದೊಡ್ಡ ಸಿ, ದೊಡ್ಡ ಡಬ್ಲ್ಯೂ ಎರಡೂ ಕೊಟ್ಟು ಫೈಲಿಗೆ ಬರೆಸಿ. ಇಷ್ಟು ಗಾತ್ರದ ಇಷ್ಟು ಫೈಲು ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ, ಡಿಸ್ಕ್ ತುಂಬುವ ಭಯ ಇಲ್ಲ. ರಾತ್ರಿ ಇಡೀ ಬಿಟ್ಟು ಬೆಳಿಗ್ಗೆ ವೈರ್‌ಶಾರ್ಕ್‌ನಲ್ಲಿ ತೆರೆದು ನೋಡಬಹುದು.

ಮುಂದಿನ ಅಂಕಿಗಳು 1, 3, 7. ಇವು ಟಿಸಿಪಿ ಕನೆಕ್ಷನ್ ಶುರುವಿನ ಅಂಕಿಗಳು. ಕ್ಲೈಂಟ್ ಕಳಿಸಿದ ಸಿನ್ (ಕನೆಕ್ಷನ್ ಕೇಳುವ ಮೊದಲ) ಪ್ಯಾಕೆಟ್ಟಿಗೆ ಉತ್ತರ ಬರದಿದ್ದರೆ ಲಿನಕ್ಸ್ 1 ಸೆಕೆಂಡು ಕಾದು ಮತ್ತೆ ಕಳಿಸುತ್ತದೆ, ಆಮೇಲೆ 2 ಸೆಕೆಂಡು, ಆಮೇಲೆ 4. ಹಾಗಾಗಿ ಕನೆಕ್ಷನ್ ಆಗುವುದು ಶುರುವಿನಿಂದ 1, 3, 7, 15ನೇ ಸೆಕೆಂಡುಗಳಲ್ಲಿ. ಆರು ಸಲ ಮತ್ತೆ ಕಳಿಸಿ 127 ಸೆಕೆಂಡಿಗೆ ಕೈಬಿಡುತ್ತದೆ. ಹೊಸ ಕರ್ನಲ್‌ಗಳಲ್ಲಿ, ಅಂದರೆ 6.5ರಿಂದ ಈಚೆಗೆ, ಮೊದಲ ನಾಲ್ಕು ಸಲ ಕಾಯುವ ಸಮಯ ಹೆಚ್ಚುವುದಿಲ್ಲ, ಒಂದೊಂದು ಸೆಕೆಂಡಿಗೇ ಕಳಿಸುತ್ತದೆ, ಆದ್ದರಿಂದ 1, 2, 3 ಅಂತಲೂ ಕಾಣಬಹುದು. ಯಾವ ಕರ್ನಲ್ ಅಂತ ಮೊದಲು ನೋಡಿಕೊಳ್ಳಿ. ಕರ್ಲ್‌ನಲ್ಲಿ ಕನೆಕ್ಟ್ ಸಮಯ 1.02, 3.05 ಹೀಗೆ ಬಂದರೆ ಸಿನ್ ಅಥವಾ ಅದರ ಉತ್ತರ ಎಲ್ಲೋ ಬೀಳುತ್ತಿದೆ ಅಂತ ಅರ್ಥ.

ಎಲ್ಲಿ ಬೀಳುತ್ತಿದೆ? ಎರಡೂ ಕಡೆ ಒಟ್ಟಿಗೆ ಟಿಸಿಪಿಡಂಪ್ ಹಾಕಿ. ಒಂದೇ ಕಡೆ ಹಾಕಿದರೆ ಅರ್ಧ ಕಥೆ ಮಾತ್ರ. ಕ್ಲೈಂಟಿನಿಂದ ಹೊರಟ ಸಿನ್ ಸರ್ವರ್‌ನಲ್ಲಿ ಕಾಣದಿದ್ದರೆ ನಡುವಿನ ದಾರಿಯದ್ದು. ಕಂಡೂ ಸರ್ವರ್ ಉತ್ತರ ಕೊಡದಿದ್ದರೆ ಸರ್ವರ್‌ದೇ. ಎರಡು ಕಡೆಯ ಗಡಿಯಾರ ಹೊಂದಿರಬೇಕು, ಗಡಿಯಾರ ಸರಿಹೊಂದಿಸುವ ಕ್ರೋನಿ ಇದ್ದರೆ ಕ್ರೋನಿಸಿ ಟ್ರ್ಯಾಕಿಂಗ್ ಹಾಕಿ ನೋಡಿಕೊಂಡು ಶುರು ಮಾಡಿ.

ಸರ್ವರ್‌ಗೆ ಬಂದೂ ಉತ್ತರ ಹೋಗದಿರುವುದಕ್ಕೆ ಎರಡು ಕಾರಣ ನಾನು ಜಾಸ್ತಿ ನೋಡಿದ್ದೇನೆ. ಒಂದು, ಆ್ಯಕ್ಸೆಪ್ಟ್ ಕ್ಯೂ ತುಂಬಿರುವುದು. ಎಸ್‌ಎಸ್ ಕಮ್ಯಾಂಡಿಗೆ ಎಲ್, ಟಿ, ಎನ್ ಕೊಟ್ಟು ಲಿಸನಿಂಗ್ ಸಾಕೆಟ್‌ಗಳನ್ನು ನೋಡಿ. ಮಾಮೂಲಿ ಕನೆಕ್ಷನ್‌ಗೆ ರಿಸೀವ್ ಕ್ಯೂ, ಸೆಂಡ್ ಕ್ಯೂ ಅಂದರೆ ಬೈಟ್‌ಗಳ ಲೆಕ್ಕ. ಆದರೆ ಲಿಸನಿಂಗ್ ಸಾಕೆಟ್‌ಗೆ ಅರ್ಥವೇ ಬೇರೆ. ರಿಸೀವ್ ಕ್ಯೂ ಅಂದರೆ ಆ್ಯಪ್ ಇನ್ನೂ ಎತ್ತಿಕೊಳ್ಳದೆ ಕಾಯುತ್ತಿರುವ ಕನೆಕ್ಷನ್‌ಗಳು, ಸೆಂಡ್ ಕ್ಯೂ ಅಂದರೆ ಎಷ್ಟರ ತನಕ ಕಾಯಬಹುದು ಅನ್ನುವ ಮಿತಿ. ಮೊದಲನೆಯದು ಎರಡನೆಯದನ್ನು ಮುಟ್ಟಿದೆ ಅಂದರೆ ಆ್ಯಪ್ ಸಾಕಷ್ಟು ಬೇಗ ಆ್ಯಕ್ಸೆಪ್ಟ್ ಮಾಡುತ್ತಿಲ್ಲ. ಈ ಕ್ಷಣ ಖಾಲಿಯಿದ್ದರೂ ಹಿಂದೆ ತುಂಬಿತ್ತಾ ಅಂತ ತಿಳಿಯಲು ಎನ್‌ಸ್ಟ್ಯಾಟ್‌ನಲ್ಲಿ ಲಿಸನ್ ಓವರ್‌ಫ್ಲೋಸ್ ಅನ್ನುವ ಕೌಂಟರ್ ನೋಡಿ. ಮಿತಿ ಹೆಚ್ಚಿಸಲು ಸೋಮ್ಯಾಕ್ಸ್‌ಕಾನ್ ಅನ್ನುವ ಕರ್ನಲ್ ಸೆಟ್ಟಿಂಗ್ ಇದೆ, 5.4ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ ಅದು 128 ಇರುತ್ತಿತ್ತು, ಈಗ 4096. ಆದರೆ ಆ್ಯಪ್ ತಾನೇ ಲಿಸನ್ ಮಾಡುವಾಗ ಚಿಕ್ಕ ಸಂಖ್ಯೆ ಕೇಳಿದ್ದರೆ ಕರ್ನಲ್ ಮಿತಿ ಎಷ್ಟೇ ಏರಿಸಿದರೂ ಪ್ರಯೋಜನ ಇಲ್ಲ. ಎಂಜಿನ್‌ಎಕ್ಸ್ ಲಿನಕ್ಸ್‌ನಲ್ಲಿ ತಾನಾಗಿ ಕೇಳುವುದು 511.

ಎರಡನೆಯದು ಕನೆಕ್ಷನ್ ಟ್ರ್ಯಾಕಿಂಗ್ ಟೇಬಲ್ ತುಂಬುವುದು. ಇದು ಕರ್ನಲ್ ಲಾಗ್‌ನಲ್ಲಿ "ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್" ಅಂತ ಸ್ಪಷ್ಟವಾಗಿ ಬರೆದಿರುತ್ತದೆ, ಡಿಮೆಸೇಜ್ ಹಾಕಿದರೆ ಸಾಕು. ಹೀಗೆ ಎದುರಿಗೇ ಬರೆದಿಟ್ಟಿದ್ದನ್ನು ನೋಡದೆ ಗಂಟೆಗಟ್ಟಲೆ ಫೈರ್‌ವಾಲ್ ರೂಲ್ ಓದುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ.

ನಡುವಿನ ದಾರಿಯದ್ದು ಅಂತಾದರೆ ದಾರಿಯ ಪ್ರತಿ ರೂಟರನ್ನೂ (ಹಾಪ್) ಅಳೆದು ತೋರಿಸುವ ಎಂಟಿಆರ್. ಇಲ್ಲೊಂದು ತಪ್ಪು ಓದು ಬಹಳ ನಡೆಯುತ್ತದೆ. ನಡುವಿನ ಒಂದು ರೂಟರ್‌ನಲ್ಲಿ 40 ಪರ್ಸೆಂಟ್ ಲಾಸ್ ಕಂಡ ಕೂಡಲೇ ಐಎಸ್‌ಪಿಗೆ ಟಿಕೆಟ್ ಹಾಕುತ್ತಾರೆ. ಬಹಳಷ್ಟು ರೂಟರ್‌ಗಳು ತಮ್ಮ ಕಡೆಯಿಂದ ಕಳಿಸುವ ಐಸಿಎಂಪಿ (ಪಿಂಗ್ ಮತ್ತು ದೋಷದ ಸುದ್ದಿ ಸಾಗಿಸುವ ಪ್ರೋಟೋಕಾಲ್) ಉತ್ತರಗಳಿಗೆ ಮಿತಿ ಹಾಕಿಕೊಂಡಿರುತ್ತವೆ, ದಾಟಿ ಹೋಗುವ ಟ್ರಾಫಿಕ್ಕಿಗೆ ಏನೂ ಆಗಿರುವುದಿಲ್ಲ. ಲಾಸ್ ಆ ಹಾಪ್‌ನಲ್ಲಿ ಶುರುವಾಗಿ ಕೊನೆಯ ಹಾಪ್ ತನಕವೂ ಹಾಗೇ ಮುಂದುವರಿದಿದ್ದರೆ ಮಾತ್ರ ನಂಬಿ. ಟಿಸಿಪಿ ಆಪ್ಶನ್ ಕೊಟ್ಟು, 443ನೇ ಪೋರ್ಟ್ ಹೇಳಿ ಓಡಿಸಿದರೆ ನಿಮ್ಮ ನಿಜವಾದ ಟ್ರಾಫಿಕ್ ಹೋಗುವ ದಾರಿಗೆ ಇನ್ನೂ ಹತ್ತಿರದ ಚಿತ್ರ ಸಿಗುತ್ತದೆ.

ಸಣ್ಣ ಅಂಕಿಗಳೂ ಇವೆ. ಒಂದೇ ರ್‍ಯಾಕ್‌ನಲ್ಲಿರುವ ಎರಡು ಮೆಷಿನ್ ನಡುವೆ ಪ್ರತಿ ರಿಕ್ವೆಸ್ಟಿಗೂ ಸರಿಯಾಗಿ 40 ಮಿಲಿಸೆಕೆಂಡು ಬಂದರೆ ಅದು ಡಿಲೇಡ್ ಆ್ಯಕ್ (ತಲುಪಿತು ಅನ್ನುವ ಉತ್ತರವನ್ನು ತಡೆದು ಕಳಿಸುವುದು) ಮತ್ತು ನೇಗಲ್ ಅಲ್ಗಾರಿದಮ್ (ಸಣ್ಣ ಪ್ಯಾಕೆಟ್‌ಗಳನ್ನು ಕೂಡಿಸಿ ಕಳಿಸುವುದು) ಒಂದಕ್ಕೊಂದು ಕಾಯುತ್ತಾ ಕೂತಿರುವುದು. ಆ್ಯಪ್ ಒಂದು ಸಂದೇಶವನ್ನು ಎರಡು ಸಣ್ಣ ರೈಟ್‌ಗಳಲ್ಲಿ ಬರೆಯುತ್ತಿರುತ್ತದೆ. ಡೆವಲಪರ್‌ಗೆ ಟಿಸಿಪಿ ನೋ-ಡಿಲೇ ಆಪ್ಶನ್ ಹಾಕಲು ಹೇಳಿ, ಇಲ್ಲವೇ ಒಂದೇ ಸಲ ಬರೆಯಲು ಹೇಳಿ. 200 ಮಿಲಿಸೆಕೆಂಡು ಚಿಲ್ಲರೆ ಬಂದರೆ ನಡೆಯುತ್ತಿರುವ ಕನೆಕ್ಷನ್‌ನಲ್ಲಿ ಪ್ಯಾಕೆಟ್ ಕಳೆದುಹೋಗಿದೆ ಅಂತ ಅನುಮಾನಿಸಿ, ಲಿನಕ್ಸ್‌ನಲ್ಲಿ ರೀಟ್ರಾನ್ಸ್‌ಮಿಟ್ ಟೈಮರ್‌ನ ಕನಿಷ್ಠ ಅದು. ಎಸ್‌ಎಸ್‌ಗೆ ಟಿ ಮತ್ತು ಐ ಕೊಟ್ಟರೆ ಒಂದೊಂದು ಕನೆಕ್ಷನ್ನಿನ ಆರ್‌ಟಿಟಿ (ಹೋಗಿ ಬರುವ ಸಮಯ), ಕಂಜೆಶನ್ ವಿಂಡೋ, ಎಷ್ಟು ಸಲ ಮತ್ತೆ ಕಳಿಸಿದೆ, ಎಲ್ಲ ಬರುತ್ತದೆ. ನೆಟ್‌ಸ್ಟ್ಯಾಟ್ ಅಭ್ಯಾಸ ಇರುವವರು ದಯವಿಟ್ಟು ಎಸ್‌ಎಸ್‌ಗೆ ಬನ್ನಿ, ಇದೊಂದು ಕಾರಣಕ್ಕಾದರೂ.

60 ಸೆಕೆಂಡು, ಜೊತೆಗೆ 504 ಎರರ್ ಬಂದರೆ ಎಂಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್. ಹಿಂದಿರುವ ಆ್ಯಪ್ ಉತ್ತರ ಕೊಟ್ಟಿಲ್ಲ, ಅಷ್ಟೇ. ಆ 60ನ್ನು 300 ಮಾಡಿ ಸಮಸ್ಯೆ ಬಗೆಹರಿಯಿತು ಅಂದುಕೊಳ್ಳಬೇಡಿ.

15 ನಿಮಿಷದ ಕಥೆ ಕೇಳಿ, ಇದು ಗೊತ್ತಿಲ್ಲದೆ ಪರದಾಡಿದವರು ತುಂಬಾ. ಡೇಟಾಬೇಸ್‌ನ ಪ್ರೈಮರಿ ಮೆಷಿನ್ ಪವರ್ ಹೋಗಿ ಬಿತ್ತು, ಸ್ಟ್ಯಾಂಡ್‌ಬೈ ಅರ್ಧ ನಿಮಿಷದಲ್ಲಿ ಮೇಲೆದ್ದು ಅದೇ ಹೆಸರು ತೆಗೆದುಕೊಂಡಿತು. ಹೊಸ ಕನೆಕ್ಷನ್‌ಗಳು ಸರಿಯಾಗಿ ಹೋಗುತ್ತಿವೆ. ಆದರೆ ಆ್ಯಪ್‌ನ ಕೆಲವು ಥ್ರೆಡ್‌ಗಳು ಕಾಲು ಗಂಟೆ ಸುಮ್ನೆ ನಿಂತಿವೆ. ಯಾಕೆ ಅಂದರೆ ಸತ್ತ ಮೆಷಿನ್ ಯಾರಿಗೂ ವಿದಾಯ ಹೇಳಿ ಹೋಗಿರುವುದಿಲ್ಲ. ಹಳೆಯ ಕನೆಕ್ಷನ್ನಿನಲ್ಲಿ ಕ್ವೆರಿ ಕಳಿಸಿದ ಕರ್ನಲ್ ಉತ್ತರಕ್ಕೆ ಕಾದು ಮತ್ತೆ ಕಳಿಸುತ್ತದೆ, ಕಾಯುವ ಸಮಯ ಪ್ರತಿ ಸಲ ಎರಡರಷ್ಟಾಗುತ್ತಾ 120 ಸೆಕೆಂಡಿಗೆ ನಿಲ್ಲುತ್ತದೆ. ಟಿಸಿಪಿ ರೀಟ್ರೈಸ್2 ಅನ್ನುವ ಸೆಟ್ಟಿಂಗ್ 15 ಇರುತ್ತದೆ, ಅದಕ್ಕೆ ಕರ್ನಲ್ ಹಾಕುವ ಲೆಕ್ಕ ಸುಮಾರು 924 ಸೆಕೆಂಡು. ಎಸ್‌ಎಸ್‌ಗೆ ಓ ಆಪ್ಶನ್ ಕೊಟ್ಟರೆ ಟೈಮರ್ ಎಣಿಸುತ್ತಿರುವುದು, ಎಷ್ಟನೇ ಸಲ ಅನ್ನುವುದು ಕಾಣುತ್ತದೆ. ಇಡೀ ಮೆಷಿನ್ನಿಗೆ ರೀಟ್ರೈಸ್2 ಕಡಿಮೆ ಮಾಡಬಹುದು, ಆದರೆ ಆ ಒಂದು ಆ್ಯಪ್‌ಗೆ ಟಿಸಿಪಿ ಯೂಸರ್ ಟೈಮ್‌ಔಟ್ ಹಾಕಿಸುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಪೋಸ್ಟ್‌ಗ್ರೆಸ್ ಕ್ಲೈಂಟ್ ಲೈಬ್ರರಿಯಲ್ಲಿ 12ನೇ ಆವೃತ್ತಿಯಿಂದ ಇದಕ್ಕೆ ನೇರ ಪ್ಯಾರಾಮೀಟರ್ ಇದೆ.

ಇದರದ್ದೇ ತಮ್ಮ ಇನ್ನೊಂದಿದೆ. "ಬೆಳಿಗ್ಗೆ ಬಂದು ಮೊದಲ ಸಲ ಲಾಗಿನ್ ಆದಾಗ ಮಾತ್ರ ಹ್ಯಾಂಗ್ ಆಗುತ್ತದೆ, ಆಮೇಲೆ ದಿನವಿಡೀ ಚೆನ್ನಾಗಿರುತ್ತದೆ." ನಡುವಿನ ಫೈರ್‌ವಾಲ್ ರಾತ್ರಿ ಸುಮ್ಮನಿದ್ದ ಕನೆಕ್ಷನ್ನನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿದೆ, ಎರಡು ತುದಿಗಳಿಗೂ ಅದು ತಿಳಿದಿಲ್ಲ. ಲಿನಕ್ಸ್ ಕೀಪ್‌ಅಲೈವ್ ಇದೆಯಲ್ವಾ ಅನ್ನಬಹುದು. ಅದು ಮೊದಲ ಪ್ಯಾಕೆಟ್ ಕಳಿಸುವುದು 7200 ಸೆಕೆಂಡು, ಅಂದರೆ 2 ಗಂಟೆ ಸುಮ್ಮನಿದ್ದ ಮೇಲೆ, ಅದೂ ಆ್ಯಪ್ ಕೇಳಿಕೊಂಡಿದ್ದರೆ ಮಾತ್ರ. ಫೈರ್‌ವಾಲ್ ಅಷ್ಟು ಹೊತ್ತು ಕಾಯುವುದಿಲ್ಲ. ಕೀಪ್‌ಅಲೈವ್ ಸಮಯವನ್ನು 300ಕ್ಕೆ ಇಳಿಸಿ. ಎಸ್‌ಎಸ್‌ಎಚ್‌ಗಾದರೆ ಸರ್ವರ್ ಅಲೈವ್ ಇಂಟರ್ವಲ್ ಹಾಕಿಕೊಳ್ಳಿ.

ಈಗ ಯಾವ ಅಂಕಿಯೂ ಇಲ್ಲದ ತಡ. ಸಣ್ಣ ಪೇಜ್ ತೆರೆಯುತ್ತದೆ, ದೊಡ್ಡದು ತೆರೆಯುವುದೇ ಇಲ್ಲ. ಪಿಂಗ್ ಚೆನ್ನಾಗಿ ಹೋಗುತ್ತದೆ. ಎಸ್‌ಎಸ್‌ಎಚ್ ವಿ ಹಾಕಿ ಓಡಿಸಿದರೆ ಕನೆಕ್ಟ್ ಆಗುತ್ತದೆ, ಆಮೇಲೆ ಕೀ ಎಕ್ಸ್‌ಚೇಂಜ್ ಉತ್ತರಕ್ಕೆ ಕಾಯುತ್ತಿದ್ದೇನೆ ಅನ್ನುವ ಸಾಲಿನಲ್ಲಿ ನಿಂತುಬಿಡುತ್ತದೆ. ಬ್ರಾಂಚ್ ಆಫೀಸನ್ನು ವಿಪಿಎನ್ ಮೇಲೆ ಸೇರಿಸಿದ ಮಾರನೇ ದಿನ ಇಂಥ ದೂರು ಬಂದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ನೋಡಿ, ಬೇರೇನೂ ನೋಡುವ ಮೊದಲು.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ನಮ್ಮಲ್ಲಿ ಮನೆ, ಸಣ್ಣ ಆಫೀಸುಗಳಿಗೆ ಬರುವ ಎಷ್ಟೋ ಫೈಬರ್ ಕನೆಕ್ಷನ್‌ಗಳು ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನ್ ಸೇರುವ ವಿಧಾನ) ಮೇಲೆ ಬರುತ್ತವೆ, ಅದು 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಅದರ ಮೇಲೆ ವೈರ್‌ಗಾರ್ಡ್ ವಿಪಿಎನ್ ಹಾಕಿದರೆ ಹೊರಗಿನ ದಾರಿ ಐಪಿವಿ4 ಆದರೆ 60, ಐಪಿವಿ6 ಆದರೆ 80 ಬೈಟ್ ಇನ್ನೂ ಹೋಗುತ್ತದೆ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ ಕಾಣುವ 1420 ಅನ್ನುವ ಅಂಕಿ 1500ರಲ್ಲಿ 80 ಕಳೆದು ಬಂದದ್ದು. ಪಿಪಿಪಿಒಇ ಲೈನಿನ ಮೇಲೆ, ಹೊರಗೆ ಐಪಿವಿ6 ಇದ್ದರೆ, ಅದು 8 ಬೈಟ್ ಜಾಸ್ತಿಯಾಗುತ್ತದೆ. 1412 ಬೇಕಿತ್ತು.

ಇಂಥ ಕಡೆ ದೊಡ್ಡ ಪ್ಯಾಕೆಟ್ ಬಂದಾಗ ನಡುವಿನ ರೂಟರ್ "ಇದು ಹಿಡಿಸುವುದಿಲ್ಲ, ಇಷ್ಟು ಚಿಕ್ಕದು ಮಾಡು" ಅಂತ ಐಸಿಎಂಪಿ ಸಂದೇಶ ಕಳಿಸಬೇಕು. ಪಾತ್ ಎಂಟಿಯು ಡಿಸ್ಕವರಿ ಅನ್ನುವ ಈ ಏರ್ಪಾಡು 1990ರಿಂದ ಇದೆ. ಆದರೆ "ಐಸಿಎಂಪಿ ಅಪಾಯ" ಅಂತ ಯಾರೋ ಫೈರ್‌ವಾಲ್‌ನಲ್ಲಿ ಎಲ್ಲ ಐಸಿಎಂಪಿ ಮುಚ್ಚಿರುತ್ತಾರೆ. ಕಳಿಸಿದವನಿಗೆ ಸುದ್ದಿಯೇ ಮುಟ್ಟುವುದಿಲ್ಲ, ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಇರುತ್ತಾನೆ. ಈ ಅಭ್ಯಾಸ ಬಿಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಪಿಂಗ್ ಮುಚ್ಚಬೇಕೆನಿಸಿದರೆ ಎಕೋ ಮಾತ್ರ ಮುಚ್ಚಿ. ಐಪಿವಿ4ರಲ್ಲಿ ಟೈಪ್ 3 ಕೋಡ್ 4 ಬಿಡಲೇಬೇಕು, ಐಪಿವಿ6ರಲ್ಲಿ ಪ್ಯಾಕೆಟ್ ಟೂ ಬಿಗ್ ಬಿಡಲೇಬೇಕು.

ಪರೀಕ್ಷೆ ಸುಲಭ. ಪಿಂಗ್‌ಗೆ ದೊಡ್ಡ ಎಂ ಆಪ್ಶನ್ನಿಗೆ ಡು ಅಂತ ಕೊಟ್ಟರೆ ಪ್ಯಾಕೆಟ್ ತುಂಡಾಗಲು ಬಿಡುವುದಿಲ್ಲ. ಎಸ್ ಆಪ್ಶನ್ನಿನಲ್ಲಿ 1472 ಕೊಡಿ, 8 ಐಸಿಎಂಪಿ ಹೆಡರ್, 20 ಐಪಿ ಹೆಡರ್ ಸೇರಿ 1500. ಉತ್ತರ ಬರದಿದ್ದರೆ ಇಳಿಸುತ್ತಾ ಹೋಗಿ. 1464ಕ್ಕೆ ಬಂದರೆ ದಾರಿ 1492ರದ್ದು. ಟ್ರೇಸ್‌ಪಾತ್ ಕಮ್ಯಾಂಡ್ ಇದನ್ನೇ ಹಾಪ್ ಹಾಪ್ ಹುಡುಕಿ ಹೇಳುತ್ತದೆ, ಐಸಿಎಂಪಿ ತೆರೆದಿದ್ದರೆ. ಪರಿಹಾರಕ್ಕೆ ಟನಲ್ ಎಂಟಿಯು ಸರಿ ಮಾಡಿ. ನಿಮ್ಮ ಗೇಟ್‌ವೇ ಲಿನಕ್ಸ್ ಆಗಿದ್ದರೆ ಫಾರ್ವರ್ಡ್ ಚೈನ್‌ನಲ್ಲಿ ಎಂಎಸ್‌ಎಸ್ (ಪ್ಯಾಕೆಟ್ಟಿನೊಳಗಿನ ಡೇಟಾದ ಮಿತಿ) ಕ್ಲ್ಯಾಂಪಿಂಗ್ ಹಾಕಿ, ಅದು ಸಿನ್ ಪ್ಯಾಕೆಟ್‌ನಲ್ಲೇ ಗಾತ್ರ ಇಳಿಸಿಬಿಡುತ್ತದೆ. ಬೇರೆಯವರ ಫೈರ್‌ವಾಲ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಸಿಸ್‌ಸಿಟಿಎಲ್‌ನಲ್ಲಿ ಟಿಸಿಪಿ ಎಂಟಿಯು ಪ್ರೋಬಿಂಗ್ 1 ಮಾಡಿದರೆ ಕರ್ನಲ್ ತಾನೇ ಅಂದಾಜು ಮಾಡಿ ಚಿಕ್ಕದು ಕಳಿಸಲು ಕಲಿಯುತ್ತದೆ.

ಅಂಕಿಗಳು ಗುಂಪಾಗದೆ ಎಲ್ಲೆಂದರಲ್ಲಿ ಹರಡಿದ್ದರೆ, 0.3, 0.9, 2.4 ಹೀಗೆ, ಆಗ ಮಾತ್ರ ಮೆಷಿನ್ ಸುಸ್ತಾಗಿದೆ ಅಂತ ನೋಡಿ. 4.20 ಅಥವಾ ಅದರ ನಂತರದ ಕರ್ನಲ್ ಇದ್ದರೆ ಪ್ರಾಕ್ ಡೈರೆಕ್ಟರಿಯ ಪ್ರೆಶರ್ ಒಳಗಿನ ಮೂರು ಫೈಲ್ ಓದಿ. ಸಿಪಿಯು, ಮೆಮೊರಿ, ಐಒ, ಯಾವುದಕ್ಕೆ ಪ್ರಾಸೆಸ್‌ಗಳು ಎಷ್ಟು ಪರ್ಸೆಂಟ್ ಸಮಯ ಕಾಯುತ್ತಿವೆ ಅಂತ ಅಲ್ಲೇ ಇರುತ್ತದೆ. ಕೆಲವು ಡಿಸ್ಟ್ರೋಗಳಲ್ಲಿ ಬೂಟ್ ಸಾಲಿನಲ್ಲಿ ಪಿಎಸ್ಐ ಅನ್ನುವ ಈ ಸೌಲಭ್ಯವನ್ನು ಆನ್ ಮಾಡಬೇಕು. ಲೋಡ್ ಆ್ಯವರೇಜ್‌ಗಿಂತ ಇದು ಎಷ್ಟೋ ಸ್ಪಷ್ಟ. ಲಿನಕ್ಸ್‌ನ ಲೋಡ್ ಆ್ಯವರೇಜ್‌ನಲ್ಲಿ 1993ರಿಂದಲೂ ಡಿಸ್ಕ್‌ಗೆ ಕಾಯುವ ಪ್ರಾಸೆಸ್‌ಗಳೂ ಸೇರಿವೆ, ಹಾಗಾಗಿ ಸಿಪಿಯು ಖಾಲಿಯಿದ್ದೂ ಲೋಡ್ 40 ಕಾಣಬಹುದು, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ) ಸರ್ವರ್ ಬಿದ್ದಾಗ ಆಗುವುದು ಹೀಗೇ. ಇನ್ನು ಸಿಸ್‌ಸ್ಟ್ಯಾಟ್ ಪ್ಯಾಕೇಜ್ ಎಲ್ಲ ಮೆಷಿನ್‌ಗೂ ಹಾಕಿ, ಡೆಬಿಯನ್, ಉಬುಂಟುಗಳಲ್ಲಿ ಹಾಕಿದ ಮೇಲೆ ಅದನ್ನು ಎನೇಬಲ್ ಮಾಡಿದ್ದೀರಾ ಅಂತಲೂ ನೋಡಿ. ನಿನ್ನೆ ರಾತ್ರಿ ಎರಡು ಗಂಟೆಗೆ ಏನಾಗಿತ್ತು ಅಂತ ಕೇಳಿದಾಗ ಉತ್ತರ ಕೊಡುವುದು ಅದರಲ್ಲಿರುವ ಸಾರ್ ಕಮ್ಯಾಂಡ್ ಒಂದೇ.

ಇದನ್ನೆಲ್ಲ ಓದಿ ನೆನಪಿಡುವುದಕ್ಕಿಂತ ಒಂದು ಸಲ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಲ್ಯಾಪ್‌ಟಾಪ್ ಒಂದೇ ಸಾಕು. ಐಪಿ ನೆಟ್‌ಎನ್‌ಎಸ್ ಬಳಸಿ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿ, ವೀತ್ (ವರ್ಚುವಲ್ ಕೇಬಲ್) ಜೋಡಿಯಿಂದ ಸೇರಿಸಿ, ಒಂದರಲ್ಲಿ ವೆಬ್ ಸರ್ವರ್ ಓಡಿಸಿ. ಟಿಸಿ ಕಮ್ಯಾಂಡಿನ ನೆಟೆಮ್‌ನಿಂದ (ಬೇಕೆಂದೇ ತಡ, ಲಾಸ್ ಹಾಕುವ ಸೌಲಭ್ಯ) 200 ಮಿಲಿಸೆಕೆಂಡು ಡಿಲೇ ಹಾಕಿ ಕರ್ಲ್ ಅಂಕಿ ನೋಡಿ. ಡಿಲೇ ತೆಗೆದು 20 ಪರ್ಸೆಂಟ್ ಲಾಸ್ ಹಾಕಿ, ಕನೆಕ್ಟ್ ಸಮಯದಲ್ಲಿ 1 ಸೆಕೆಂಡಿನ ಗುಂಪು ಮೂಡುವುದು ಕಾಣುತ್ತದೆ. ರಿಸಾಲ್ವ್ ಡಾಟ್ ಕಾನ್ಫ್‌ನ ಮೊದಲ ಸಾಲಿಗೆ ಯಾರೂ ಉತ್ತರ ಕೊಡದ ಐಪಿ ಬರೆದು ಗೆಟ್‌ಎಂಟ್ ಓಡಿಸಿ.

ದೂರದ ಮೆಷಿನ್ನಿನಲ್ಲಿ ನೆಟೆಮ್ ಪ್ರಯೋಗ ಮಾಡುವುದಿದ್ದರೆ, ಮೊದಲು ರೂಲ್ ತೆಗೆದುಹಾಕುವ ಕಮ್ಯಾಂಡನ್ನು ಸ್ಲೀಪ್ 120 ಮುಗಿದ ಮೇಲೆ ಓಡುವ ಹಾಗೆ ಸೇರಿಸಿ, ನೋಹಪ್ ಹಾಕಿ ಬ್ಯಾಕ್‌ಗ್ರೌಂಡಿಗೆ ಕಳಿಸಿ, ಆಮೇಲೆ ರೂಲ್ ಹಾಕಿ. ನಿಮ್ಮ ಎಸ್‌ಎಸ್‌ಎಚ್ ಹೋಗುವ ಇಂಟರ್‌ಫೇಸ್ ಮೇಲೆಯೇ ಲಾಸ್ ಜಾಸ್ತಿ ಕೊಟ್ಟು ಸಿಕ್ಕಿಕೊಂಡರೂ ಎರಡು ನಿಮಿಷಕ್ಕೆ ತಾನಾಗಿ ಬಿಡುತ್ತದೆ. ರೆಡ್ ಹ್ಯಾಟ್ ಬಳಗದ ಡಿಸ್ಟ್ರೋಗಳಲ್ಲಿ ನೆಟೆಮ್ ಸಿಗದಿದ್ದರೆ ಕರ್ನಲ್ ಮಾಡ್ಯೂಲ್ಸ್ ಎಕ್ಸ್‌ಟ್ರಾ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿದೆ.